ತಲೆಯಾಡಿಸಿದರೆ ಸಾಕೇ, ನೋಂದಣಾಧಿಕಾರಿಗಳೇ?

ಮಾನ್ಯ ವಿವಾಹ ನೋಂದಣಾಧಿಕಾರಿಗಳೇ,

ಬರುವ ಸೋಮವಾರ ಬೆಳಿಗ್ಗೆ ನನ್ನ ತಂಗಿಯನ್ನು ನಿಮ್ಮ ಮೇಜಿನ ಮುಂದೆ ತಂದು ನಿಲ್ಲಿಸುತ್ತಾರೆ. ‘ಒಪ್ಪಿಗೆ ಇದೆಯೇನಮ್ಮಾ?’ ಎಂದು ನೀವು ಕೇಳುತ್ತೀರಿ. ಅವಳು ಬಾಯಿ ತೆರೆಯುವುದಿಲ್ಲ. ಪಕ್ಕದಲ್ಲಿ ನಿಂತ ಹೆಂಗಸೊಬ್ಬರು, ‘ಮೌನದಲ್ಲಿದಾಳೆ ಸಾರ್, ತಲೆ ಆಡಿಸ್ತಾಳೆ’ ಎನ್ನುತ್ತಾರೆ. ಅವಳು ಆಡಿಸುತ್ತಾಳೆ. ನೀವು ಸೀಲು ಒತ್ತುತ್ತೀರಿ. ಇದನ್ನು ನಾನು ಭವಿಷ್ಯ ನೋಡಿ ಹೇಳುತ್ತಿಲ್ಲ. ಅವಳಿರುವ ಪ್ರಾರ್ಥನಾ ಬಳಗದ ಮದುವೆಗಳೆಲ್ಲ ನಿಮ್ಮ ಕಚೇರಿಯಲ್ಲಿ ಹೀಗೇ ನಡೆದಿವೆ, ನನ್ನದೂ ಸೇರಿ.

ನಿಮಗೆ ಗೊತ್ತಿಲ್ಲ ಎಂದುಕೊಂಡು ವಿವರಿಸುತ್ತೇನೆ. ಗೊತ್ತಿದ್ದೂ ಸುಮ್ಮನಿದ್ದೀರಿ ಎಂದುಕೊಂಡರೆ ನಿಮಗೆ ಅಗೌರವವಾದೀತು. ಬಳಗದ ಮುಖ್ಯಸ್ಥರನ್ನು ಒಳಗಿನವರು ‘ದೊಡ್ಡವರು’ ಎನ್ನುತ್ತಾರೆ. ಯಾರು ಯಾರನ್ನು ಮದುವೆಯಾಗಬೇಕು ಎಂಬುದು ಅವರಿಗೆ ಪ್ರಾರ್ಥನೆಯಲ್ಲಿ ತಿಳಿಯುತ್ತದಂತೆ. ಸೋಜಿಗವೆಂದರೆ, ದೇವರು ತಿಳಿಸುವುದೆಲ್ಲ ದೊಡ್ಡವರ ಆಡಳಿತಕ್ಕೆ ಅನುಕೂಲವಾಗಿಯೇ ಇರುತ್ತದೆ. ಪ್ರಶ್ನೆ ಕೇಳುವ ಹುಡುಗನಿಗೆ ಚಾಡಿ ಹೇಳುವ ಹುಡುಗಿ. ಹೊರಗೆ ಕೆಲಸ ಹುಡುಕುವ ಹುಡುಗಿಗೆ ದೊಡ್ಡವರ ನೆಚ್ಚಿನ ಬಂಟ. ತಮ್ಮಷ್ಟಕ್ಕೆ ತಾವೇ ಒಬ್ಬರನ್ನೊಬ್ಬರು ಮೆಚ್ಚಿಕೊಂಡವರ ಬಗ್ಗೆ ಮಾತ್ರ ದೇವರಿಂದ ಈವರೆಗೆ ಯಾವ ಸುದ್ದಿಯೂ ಬಂದಿಲ್ಲ. ಸಂಬಂಧ ಪ್ರಕಟವಾದ ಗಳಿಗೆಯಿಂದ ಮದುವೆ ಮುಗಿಯುವ ತನಕ ವಧು ಮಾತಾಡಕೂಡದು, ಮನಸ್ಸು ಶುದ್ಧವಾಗಬೇಕು. ವರನ ಮನಸ್ಸು ಮೊದಲೇ ತೊಳೆದಿಟ್ಟಿರುತ್ತದೋ ಏನೋ, ಅವನು ಎಂದಿನಂತೆ ಹರಟಿಕೊಂಡಿರಬಹುದು.

ನನ್ನ ಗಂಡ ಕೆಟ್ಟವರಾಗಿರಲಿಲ್ಲ. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ, ಏಕೆಂದರೆ ‘ಪಾಪ, ಯಾರೋ ಕುಡುಕನಿಗೆ ಕಟ್ಟಿರಬೇಕು’ ಎಂದು ನೀವು ಸಮಾಧಾನ ಮಾಡಿಕೊಳ್ಳಬಾರದು. ಅವರು ಬಡಗಿ. ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಮಾತಾಡುತ್ತಿದ್ದರು, ಅರ್ಧ ಮಾತು ಅರ್ಥವಾಗದೆ ನಾನು ನಗುತ್ತಿದ್ದೆ. ನಮ್ಮಿಬ್ಬರಿಗೂ ಹೊಂದಿಕೊಂಡುಬಿಟ್ಟಿತು, ಅದೇ ಅಪರಾಧವಾಯಿತು. ಬಳಗದ ಸಭೆಯಲ್ಲಿ ಗಂಡನ ತಪ್ಪನ್ನು ಹೆಂಡತಿ, ಹೆಂಡತಿಯ ತಪ್ಪನ್ನು ಗಂಡ ದೊಡ್ಡವರ ಮುಂದೆ ಒಪ್ಪಿಸಬೇಕು. ಹೇಳುವುದಕ್ಕೆ ಏನೂ ಇಲ್ಲ ಎಂದೆವು. ‘ಗಂಡ ಹೆಂಡ್ತಿ ಮಧ್ಯೆ ಗುಟ್ಟು ಬೆಳೀತಿದೆ’ ಎಂದ ದೊಡ್ಡವರು ನನ್ನ ಗಂಡನನ್ನು ದೂರದ ಊರಿನ ಶಾಖೆಗೆ ಕಳುಹಿಸಿದರು. ಅವರು ಹೋದರು, ನಾನು ಬಳಗ ಬಿಟ್ಟು ಹೊರಬಂದೆ. ಮದುವೆ ಕೆಟ್ಟದಿರಲಿ ಒಳ್ಳೆಯದಿರಲಿ, ದೊಡ್ಡವರಿಗೆ ಅದರಲ್ಲಿ ಕೈಯಾಡಿಸಲು ಜಾಗವಿದ್ದರೆ ಸಾಕು.

ಈಗ ತಂಗಿಯ ಸರದಿ. ಬಳಗದ ಹೊಲಿಗೆ ಕೋಣೆಯಲ್ಲಿ ಕೆಲಸ ಮಾಡುವವಳು, ನರ್ಸಿಂಗ್ ಓದುತ್ತೇನೆ ಎಂದು ಅನುಮತಿ ಕೇಳಿದಳು. ಉತ್ತರದ ಬದಲು ಗಂಡು ಬಂತು. ಬಳಗದ ಗೇಟು ಕಾಯುವವರು ಅವರು. ಯಾರು ಎಲ್ಲಿಗೆ ಹೊರಟರು, ಏಕೆ ಹೊರಟರು ಎಂದು ಕೇಳುವುದೇ ಅವರ ಉದ್ಯೋಗ. ಇನ್ನು ಮನೆಯಲ್ಲೂ ಕೇಳುತ್ತಾರೆ.

ಅವಳಿಗೆ ಈ ಮದುವೆ ಬೇಡ ಎಂದು ನಿನಗೆ ಹೇಗೆ ಗೊತ್ತು ಎನ್ನುತ್ತೀರಾ? ನಾನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತೇನೆ. ಬಳಗಕ್ಕೆ ವ್ಯಾನು ಓಡಿಸುವ ಹೆಂಗಸೊಬ್ಬಳು ಬೇಕಾಗಿತ್ತು, ತಂಗಿಯನ್ನು ಆರಿಸಿದರು. ಹುಡುಗಿಯರು ಗಂಡಸರ ಹತ್ತಿರ ಕಲಿಯಬಾರದು ಎಂಬುದು ದೊಡ್ಡವರದೇ ಕಟ್ಟಪ್ಪಣೆ, ಈ ಊರಿನಲ್ಲಿ ಕಲಿಸುವ ಹೆಂಗಸು ನಾನೊಬ್ಬಳೇ. ಹಾಗಾಗಿ ಬಿಟ್ಟುಹೋದ ಪಾಪಿಯ ಪಕ್ಕದಲ್ಲೇ ತಂಗಿಯನ್ನು ಕೂರಿಸಬೇಕಾಯಿತು. ಕಾರಿನ ವಿಷಯ ಬಿಟ್ಟು ಬೇರೆ ಮಾತಾಡುವಂತಿಲ್ಲ ಎಂದು ಷರತ್ತು. ಕಾವಲಿಗೆ ಹಿಂದಿನ ಸೀಟಿನಲ್ಲಿ ನಮ್ಮ ಚಿಕ್ಕಮ್ಮ, ವಾಂತಿ ಬಂದರೆ ಇರಲಿ ಎಂದು ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ.

ಕಳೆದ ತಿಂಗಳು ಪಾಠಕ್ಕೆ ಬಂದಾಗ ತಂಗಿಯ ಬಾಯಿಗೆ ಬೀಗ ಬಿದ್ದಿತ್ತು. ‘ಸಂಬಂಧ ಗೊತ್ತಾಯ್ತು ಕಣೇ. ಇನ್ಮೇಲೆ ಮೌನ. ನೀನು ಹೇಳ್ಕೊಡು, ಅವಳು ಕೇಳಿಸ್ಕೋತಾಳೆ’ ಎಂದರು ಚಿಕ್ಕಮ್ಮ. ಆಸ್ಪತ್ರೆ ರಸ್ತೆಗೆ ಬಂದಾಗ ನನಗೆ ತಡೆದುಕೊಳ್ಳಲಾಗಲಿಲ್ಲ.

‘ಈ ಮದುವೆ ನಿಂಗೆ ಬೇಕೇನೇ? ಬೇಕು ಅಂದ್ರೆ ಹೀಗೇ ಹೋಗ್ತಾ ಇರು. ಬೇಡ ಅಂದ್ರೆ ಬ್ರೇಕ್ ಒತ್ತು’ ಎಂದೆ.

‘ಏಯ್, ಕಾರಿನ ವಿಷಯ ಮಾತ್ರ!’

‘ಬ್ರೇಕು ಕಾರಿನ ವಿಷಯಾನೇ ಚಿಕ್ಕಮ್ಮ.’

ತಂಗಿ ಹಾಗೇ ಓಡಿಸುತ್ತಾ ಹೋದಳು. ಇದ್ದಕ್ಕಿದ್ದಂತೆ ಎರಡೂ ಕಾಲು ಸೇರಿಸಿ ಒತ್ತಿದಳು. ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಂತು ಆಫಾಯಿತು. ಹಿಂದಿನ ಗಾಡಿಗಳೆಲ್ಲ ಹಾರ್ನು ಬಾರಿಸತೊಡಗಿದವು, ಚಿಕ್ಕಮ್ಮನ ಹಣೆ ಮುಂದಿನ ಸೀಟಿಗೆ ಬಡಿಯಿತು. ‘ಆಯ್ತು, ಕಾಲು ತೆಗಿ’ ಎಂದರೂ ತೆಗೆಯಲೊಲ್ಲಳು. ‘ಇನ್ನೂ ಕೈ ಪಳಗಿಲ್ಲ ಹುಡುಗೀಗೆ’ ಎಂದು ಚಿಕ್ಕಮ್ಮ ಹಣೆ ಉಜ್ಜಿಕೊಂಡರು. ಆದರೆ ಅವರಿಗೆ ಎಲ್ಲ ಅರ್ಥವಾಗಿತ್ತು. ಇಲ್ಲದಿದ್ದರೆ ಮಾರನೆಯ ದಿನವೇ ಪಾಠ ನಿಲ್ಲುತ್ತಿರಲಿಲ್ಲ.

ಇದನ್ನೆಲ್ಲ ನಿಮ್ಮ ಮುಂದೆಯೇ ಬಂದು ಹೇಳಿದೆನಲ್ಲ, ನೆನಪಿದೆಯೇ? ‘ಬ್ರೇಕ್ ಒತ್ತಿದ್ದೆಲ್ಲ ಆಕ್ಷೇಪಣೆ ಆಗಲ್ಲಮ್ಮ, ಹುಡುಗಿ ಬಂದು ಹೇಳ್ಲಿ’ ಎಂದಿರಿ. ‘ಅವಳು ಮಾತಾಡೋ ಹಾಗಿಲ್ಲ ಸಾರ್’ ಎಂದೆ. ‘ಮದುವೆ ದಿನ ತಲೆ ಆಡಿಸ್ತಾಳಲ್ಲ, ಸಾಕು ಬಿಡಿ. ಅವರವರ ನಂಬಿಕೆ, ನಾವು ಮಧ್ಯೆ ಹೋಗಲ್ಲ’ ಎಂದು ಮುಂದಿನವರನ್ನು ಕರೆದಿರಿ. ಎಂಥ ನ್ಯಾಯ! ಕಾಲಿನಿಂದ ಬೇಡ ಎಂದರೆ ಲೆಕ್ಕಕ್ಕಿಲ್ಲ, ತಲೆಯಿಂದ ಹೂಂ ಎಂದರೆ ಮಾತ್ರ ಕಾನೂನುಬದ್ಧ. ಅರ್ಜಿಯ ಫೋಟೋದಲ್ಲಿ ಎರಡೂ ಕಿವಿ ಕಾಣಬೇಕು ಎಂದು ಜನರನ್ನು ವಾಪಸ್ಸು ಕಳಿಸುವ ಕಚೇರಿಗೆ, ವಧುವಿಗೆ ಬಾಯಿಯೂ ಇದೆ ಎಂಬುದು ಏಕೆ ಕಾಣುವುದಿಲ್ಲ? ಅವರ ಪ್ರಾರ್ಥನಾ ಮಂದಿರಕ್ಕೆ ನುಗ್ಗಿ ಎಂದು ನಾನು ಹೇಳಿದೆನೇ? ಅಲ್ಲಿ ಮೌನವಾದರೂ ಇರಲಿ, ಉಪವಾಸವಾದರೂ ಇರಲಿ. ಆದರೆ ನಿಮ್ಮ ಕೋಣೆ ಪ್ರಾರ್ಥನಾ ಮಂದಿರವಲ್ಲ. ಅಲ್ಲಿ ಕೇಳುವ ಪ್ರಶ್ನೆ ದೊಡ್ಡವರದ್ದಲ್ಲ, ಕಾನೂನಿನದು. ಪ್ರಶ್ನೆ ಕೇಳಿ ಉತ್ತರವನ್ನು ಬೇರೆಯವರಿಂದ ಪಡೆಯುವುದಾದರೆ ನೀವು ಅವರ ಕೈಯ ಸೀಲು, ಅಷ್ಟೇ.

ನನ್ನ ಬೇಡಿಕೆ ಇಷ್ಟು. ಸೋಮವಾರ ಎಲ್ಲರನ್ನೂ ಹೊರಗೆ ಕಳಿಸಿ. ವರ, ಚಿಕ್ಕಮ್ಮ, ದೊಡ್ಡವರು, ಯಾರೂ ಬೇಡ. ನಾನೂ ಹೊರಗೇ ಇರುತ್ತೇನೆ. ಬಾಗಿಲು ಹಾಕಿ ಅವಳನ್ನೊಬ್ಬಳನ್ನೇ ಕೇಳಿ. ಕೇಳಿದ ಮೇಲೆ ಗಡಿಯಾರ ನೋಡಬೇಡಿ. ಮಾತಾಡುವ ರೂಢಿ ತಪ್ಪಿರುತ್ತದೆ, ತಡವಾಗಬಹುದು. ‘ಒಪ್ಪಿಗೆ ಇದೆ’ ಎಂದೇ ಅವಳು ಹೇಳಬಹುದು. ನಮ್ಮ ಅಮ್ಮ ಬಳಗದಲ್ಲೇ ಇದ್ದಾರೆ, ಬೇಡ ಎಂದವಳು ಅಮ್ಮನ ಮುಖವನ್ನು ಮತ್ತೆ ನೋಡುವಂತಿಲ್ಲ. ಹೊರಬಂದ ಮೇಲೆ ನಾನೂ ನೋಡಿಲ್ಲ. ಅದರ ಸಂಕಟ ಎಂಥದು ಎಂದು ನನಗೆ ಗೊತ್ತಿರುವುದರಿಂದ, ಅವಳು ತನ್ನ ಬಾಯಿಂದಲೇ ಹೂಂ ಎಂದರೆ ಜಗಳವಾಡದೆ ಮನೆಗೆ ಹೋಗುತ್ತೇನೆ. ಅಳುತ್ತೇನೆ, ಅದು ನಿಮ್ಮ ಇಲಾಖೆಗೆ ಸಂಬಂಧಿಸಿದ್ದಲ್ಲ.

ಬೇಡ ಎಂದರೆ ಮಾತ್ರ ಇನ್ನೊಂದು ಉಪಕಾರ ಮಾಡಿ. ನಿಮ್ಮ ಕೋಣೆಯ ಹೊರಗೆ ಉದ್ದನೆಯ ಹಜಾರ, ಎರಡೂ ಬದಿಯ ಬೆಂಚುಗಳಲ್ಲಿ ಬಳಗದವರೇ ಕೂತಿರುತ್ತಾರೆ. ಅವಳು ಹುಟ್ಟಿದಾಗಿನಿಂದ ಕಂಡ ಮುಖಗಳೆಲ್ಲ ಅಲ್ಲೇ ಇರುತ್ತವೆ. ಆ ಹಜಾರವನ್ನು ಅವಳೊಬ್ಬಳೇ ದಾಟಲಾರಳು. ದಯವಿಟ್ಟು ಕುರ್ಚಿಯಿಂದೆದ್ದು ಬೀದಿ ಬಾಗಿಲವರೆಗೆ ಅವಳ ಜೊತೆ ನಡೆದು ಬನ್ನಿ. ಅಲ್ಲಿಂದ ಮುಂದೆ ನಾನಿದ್ದೇನೆ.

ಇಂತಿ,
ಕರೆಯದಿದ್ದರೂ ಸೋಮವಾರ ಎಲ್ಲರಿಗಿಂತ ಮೊದಲೇ ಬಂದು ನಿಲ್ಲುವ,
ಬಳಗದವರನ್ನು ಕೇಳಿದರೆ ‘ಅಂಥವಳು ಯಾರೂ ಇಲ್ಲ’ ಎನ್ನುವ,
ವಧುವಿನ ಅಕ್ಕ