ತುಂಬಿಯೇ ಮರಳಿದ ಬಾಟಲಿ

ವಿಶಾಖಾ,

ನೀನು ಏಳುವ ಹೊತ್ತಿಗೆ ನಾನು ದೇವದುರ್ಗದ ಬಸ್ಸಿನಲ್ಲಿರುತ್ತೇನೆ. ನನ್ನ ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆ ಇರದಿದ್ದರೆ ಹೋಗುತ್ತಿರಲಿಲ್ಲ.

ಇಂದು ಶಾಲೆ, ಫುಟ್‌ಬಾಲ್ ಅಭ್ಯಾಸ, ಟ್ಯೂಷನ್ ಯಾವುದೂ ಇಲ್ಲ. ಎಲ್ಲರಿಗೂ ತಿಳಿಸಿದ್ದೇನೆ.

ತಂಬಿಗೆಯಲ್ಲಿ ಓಆರ್‌ಎಸ್ ಕಲಸಿಟ್ಟಿದ್ದೇನೆ. ಹತ್ತು ನಿಮಿಷಕ್ಕೊಮ್ಮೆ ಅರ್ಧ ಲೋಟ ಕುಡಿ.

ನಿನ್ನೆ ಮೈದಾನದಲ್ಲಿ ಬಿದ್ದ ನಿನ್ನನ್ನು ಆಟೋ ಹತ್ತಿಸುವಾಗ ನೀನು ನನ್ನ ಗುರುತು ಹಿಡಿಯಲಿಲ್ಲ. ಅದನ್ನು ಅವ್ವನಿಗೆ ಹೇಳಿಲ್ಲ. ಸಲೈನ್ ಹಾಕಿ ಡಾಕ್ಟರು ಮನೆಗೆ ಕಳಿಸಿದರು. ಮನೆಗೆ ಬಂದ ಮೇಲೆ ನೀನು “ಬಿಸಲಿಗಿ ಕಣ್ಣಿಗಿ ಕತ್ತಲಿ ಬಂತಕ್ಕಾ, ಅಷ್ಟ” ಎಂದೆ. ಆದರೆ ಬೆಳಿಗ್ಗೆ ನಾನು ತುಂಬಿಸಿಕೊಟ್ಟ ಬಾಟಲಿ ನಿನ್ನ ಚೀಲದಲ್ಲಿ ಮುಚ್ಚಳ ತೆರೆಯದೆ ಹಾಗೆಯೇ ಇತ್ತು. ನಿನ್ನ ತಂಡದವರನ್ನು ಕೇಳಿದೆ. “ಅಲ್ಲಿ ನಮಗ ಒಂದಕ್ಕ ಹೋಗಾಕ ಜಾಗಾ ಎಲ್ಲಿ ಅದರೀ ಅಕ್ಕಾ? ಅದಕ್ಕ ನಾವ್ಯಾರೂ ನೀರು ಕುಡಿಯಂಗಿಲ್ಲ” ಎಂದರು. ಇಷ್ಟು ದಿನ ಬಾಟಲಿ ತುಂಬಿಸಿದೆನೇ ಹೊರತು ಇದನ್ನು ನಾನು ಕೇಳಲೇ ಇಲ್ಲ.

ಮೈದಾನದ ಎದುರಿಗಿರುವ ಮಹಬೂಬೀ ಚಾಚಿಯೊಡನೆ ಮಾತನಾಡಿದ್ದೇನೆ. “ನಮ್ಮ ಮನಿ ಬಾಗ್ಲಾ ತೆಗ್ದೇ ಇರ್ತದ, ಎಲ್ಲಾ ಹುಡುಗ್ಯಾರನ್ನೂ ಕಳಸವ್ವಾ” ಎಂದರು. ಇನ್ನು ಮೇಲೆ ಸಂಕೋಚವಿಲ್ಲದೆ ಅಲ್ಲಿಗೆ ಹೋಗಿರಿ.

ಹನ್ನೊಂದರೊಳಗೆ ಮೂತ್ರ ಬರದಿದ್ದರೆ, ಅಥವಾ ಕಂದು ಬಣ್ಣದಲ್ಲಿದ್ದರೆ, ನನಗಾಗಿ ಕಾಯದೆ ಅವ್ವನೊಂದಿಗೆ ಆಸ್ಪತ್ರೆಗೆ ಹೋಗು. ಮೂತ್ರಪಿಂಡಕ್ಕೆ ಪೆಟ್ಟಾದರೆ ನೋವಾಗಿ ತಿಳಿಯಬೇಕೆಂದಿಲ್ಲ.

ಭಾನುವಾರ ಮಾನ್ವಿಯ ಪಂದ್ಯ ಆಡಬಹುದೇ ಎಂದು ನನ್ನನ್ನು ಕೇಳಬೇಡ, ಡಾಕ್ಟರು ಹೇಳಲಿ.

ಎದ್ದ ಕೂಡಲೇ ಫೋನ್ ಮಾಡು. ಏಳು ಗಂಟೆಯವರೆಗೆ ಕಾಯುತ್ತೇನೆ. ಆಗಲೂ ಫೋನ್ ಬರದಿದ್ದರೆ ಬಸ್ಸು ಎಲ್ಲಿದ್ದರೂ ಇಳಿದು ಮರಳಿ ಬರುತ್ತೇನೆ.

ಅಕ್ಕ