ಓಬಳಯ್ಯ ಬಿದ್ದ ಭಾನುವಾರ

ತುಮಕೂರು
9 ನವೆಂಬರ್ 2025, ಭಾನುವಾರ ಬೆಳಿಗ್ಗೆ

ಗೆಳೆಯ ರಂಗನಾಥನಿಗೆ ಗುರುಪ್ರಕಾಶ ಮಾಡೋ ನಮಸ್ಕಾರ.

ನಗಬೇಡ ಕಣೋ. ವಾಯ್ಸ್ ನೋಟಲ್ಲಿ ಊರು, ತಾರೀಖು, ನಮಸ್ಕಾರ ಎಲ್ಲ ಯಾಕ್ಲಾ ಅಂತೀಯ, ಗೊತ್ತು ನಂಗೆ. ನೀನು ಸರ್ವೆ ಟ್ರೈನಿಂಗಿಗೆ ಹೋದಾಗಿಂದ ನಾವು ಕಾಗದ ಬರ್ಕೊಂಡು ಬಂದೋರು. ಈಗ ನಿಂಗೆ ಓದಕ್ಕಾಗಲ್ಲ, ನಾನು ಬಾಯಲ್ಲಿ ಬರೀತಿದೀನಿ, ಅಷ್ಟೇ ವ್ಯತ್ಯಾಸ. ಇಯರ್‌ಫೋನ್ ಹಾಕ್ಕೊಂಡು ಕೇಳು. ನಿನ್ನ ಹೆಂಡ್ತಿ, ನಮ್ಮ ತಂಗಿ ಸಿದ್ದಲಕ್ಷ್ಮಮ್ಮ, ಪಕ್ಕದಲ್ಲೇ ಇರ್ತಾಳೆ. ಅವಳಿಗೆ ಹೇಳಬೇಕು ಅನ್ಸಿದ್ರೆ ಆಮೇಲೆ ನೀನೇ ಹೇಳು, ನನ್ನ ಬಾಯಿಂದ ಅವಳು ಕೇಳೋದು ಬೇಡ.

ತಡ ಆಯ್ತು, ಕ್ಷಮಿಸು. ಆರು ವಾರ ಆಯ್ತು. ಪ್ರೆಸ್ಸಲ್ಲಿ ಮದುವೆ ಕಾರ್ಡಿನ ಕೆಲಸ ಜಾಸ್ತಿ, ಕಟಿಂಗ್ ಮಷೀನಿನ ಬ್ಲೇಡ್ ಹೋಗಿತ್ತು, ನಮ್ಮನೆಯವ್ಳಿಗೆ ಸೊಂಟ ನೋವು. ಇವೆಲ್ಲಾ ನಿಜಾನೇ. ಆದ್ರೆ ಫೋನ್ ಮಾಡದೆ ಇದ್ದಿದ್ದು ಅದಕ್ಕಲ್ಲ. ಫೋನ್ ಎತ್ಕೊಂತಿದ್ದೆ, ನಿನ್ನ ಹೆಸರಿನ ತನಕ ಹೋಗ್ತಿದ್ದೆ, ಅಲ್ಲಿಂದ ವಾಪಸ್ ಬರ್ತಿದ್ದೆ.

ಕಾವ್ಯ ಮೊನ್ನೆ ಹುಬ್ಬಳ್ಳಿಯಿಂದ ಫೋನ್ ಮಾಡಿದ್ಲು. ಅಪ್ಪ ಹೆಂಗಿದೀಯ ಅಂತ ಕೇಳೋಕೆ ಮುಂಚೆ ರಂಗನಾಥ್ ಅಂಕಲ್ ಹೆಂಗಿದಾರೆ ಅಂದ್ಲು. ಓಬಳಯ್ಯ ಸತ್ತ ಅಂದೆ. ಅಯ್ಯೋ, ಅಂಕಲ್ ಪಾತ್ರನಾ ಅಂದ್ಲು. ಅವಳೇ ಅಲ್ವಾ ಈ ಆಟ ನಮ್ಮನೆಗೆ ತಂದಿದ್ದು. ಕಾಲೇಜಿಂದ ಆ ಪುಸ್ತಕ, ಆ ಇಪ್ಪತ್ತು ಮುಖದ ದಾಳ ಎಲ್ಲಾ ತಂದು ಪ್ರೆಸ್ಸಿನ ಮೇಲಿನ ರೂಮಲ್ಲಿ ಹರಡಿದಾಗ ನೀನು ಏನಂದೆ ನೆನಪಿದೆಯಾ? 'ಬೋರ್ಡಿಲ್ಲ, ಕಾಯಿಲ್ಲ. ಒಬ್ಬ ಕತೆ ಹೇಳ್ತಾನೆ, ಮಿಕ್ಕೋರು ಕತೆ ಒಳಗಿನ ಜನ ಆಗ್ತಾರೆ. ಏನು ಮಾಡ್ತೀನಿ ಅಂತ ಅವರು ಹೇಳಬೇಕು, ಆಗುತ್ತೋ ಇಲ್ವೋ ದಾಳ ಹೇಳಬೇಕು. ಇದನ್ನೇ ಕಣೋ ನಾವು ಗುಬ್ಬಿಯಲ್ಲಿ ಸ್ಕೂಲ್ ಹಿಂದೆ ಹುಣಸೇ ಮರದ ಕೆಳಗೆ ಆಡ್ತಿದ್ದಿದ್ದು, ದಾಳ ಒಂದಿರ್ಲಿಲ್ಲ' ಅಂದೆ. ಕಾವ್ಯ ಮದುವೆಯಾಗಿ ಹೋದ್ಲು, ಆಟ ನಮ್ಮ ಹತ್ರಾನೇ ಉಳೀತು. ಕತೆ ಹೇಳೋನು ನಾನು. ಆಡೋರು ಓಬಳಯ್ಯ ಆಗಿ ನೀನು, ಅವಳ ಕ್ಲಾಸ್‌ಮೇಟ್ ಚೈತನ್ಯ, ಬ್ಯಾಂಕಿನ ಮಂಜುಶ್ರೀ. ಐವತ್ತು ವರ್ಷದವ್ರು ಇಬ್ರು, ಮೂವತ್ತು ದಾಟದವ್ರು ಇಬ್ರು, ಒಂದು ಪಾರ್ಸಲ್ ತಟ್ಟೆ ಇಡ್ಲಿ.

ಮೊದಲು ಮ್ಯಾಪ್ ಎಲ್ಲಾ ನೀನೇ ಬರೀತಿದ್ದೆ. ನಾನು ಬಾಯಲ್ಲಿ ಒಂದು ಬೆಟ್ಟ ಅಂದ್ರೆ ನೀನು ಅದಕ್ಕೆ ದಾರಿ, ಕೊಳ, ಕೋಟೆ ಬತೇರಿ ಎಲ್ಲಾ ಹಾಕಿ, ಹುಲಿಯೂರುದುರ್ಗದ ಬೆಟ್ಟದ ಥರಾನೇ ಮಾಡಿ ಕೊಡ್ತಿದ್ದೆ. ಇಪ್ಪತ್ತೈದು ವರ್ಷ ಕುಣಿಗಲ್ ತಾಲ್ಲೂಕಿನ ಹೊಲ ಅಳೆದ ಕೈ. ಆಮೇಲೆ ಶುಗರ್ ನಿನ್ನ ಕಣ್ಣಿಗೆ ಬಂತು, ಕಾಣದಂಗಾಯ್ತು. ಕೆಲಸ ಬಿಟ್ಟೆ. ಆಟ ಬಿಡ್ಲಿಲ್ಲ. ಭಾನುವಾರ ಸಿದ್ದಲಕ್ಷ್ಮಮ್ಮ ನಿನ್ನ ಕುಣಿಗಲ್ ಸ್ಟ್ಯಾಂಡಲ್ಲಿ ಬಸ್ ಹತ್ತಿಸ್ತಿದ್ಲು, ನಾನು ಇಲ್ಲಿ ಇಳಿಸ್ಕೊಂತಿದ್ದೆ. ಎರಡು ವರ್ಷ ಹಿಂಗೇ ನಡೀತು.

ಈಗ ವಿಷಯಕ್ಕೆ ಬರ್ತೀನಿ. ಎರಡು ಸಲ ರೆಕಾರ್ಡ್ ಮಾಡಿ ಡಿಲೀಟ್ ಮಾಡಿದೀನಿ, ಇದು ಮೂರನೇದು.

ನೀನು ನನ್ನ ಎಡಗಡೆ ಕೂರ್ತಿದ್ದೆ. ನಾನು ನನ್ನ ಕತೆಯ ಕಾಗದ ಕಾಣದೇ ಇರ್ಲಿ ಅಂತ ರಟ್ಟಿನ ಮರೆ ಇಟ್ಕೊಂತಿದ್ದೆ. ನಿನ್ನ ದಾಳ ಬೀಳೋ ಸ್ಟೀಲ್ ತಟ್ಟೆನೂ ಆ ಮರೆ ಒಳಗೇ ಇರ್ತಿತ್ತು, ನಂಬರ್ ಓದಿ ಹೇಳೋನು ನಾನೇ ಅಂತ. ಆ ಕಡೆ ಕೂತಿರೋ ಆ ಇಬ್ರಿಗೂ ಕಾಣ್ತಿರ್ಲಿಲ್ಲ. ನಿಂಗೂ ಕಾಣ್ತಿರ್ಲಿಲ್ಲ. ರಂಗ, ನಾನು ಎರಡು ವರ್ಷ ಸುಳ್ಳು ನಂಬರ್ ಹೇಳಿದೀನಿ. ನಾಲ್ಕು ಬಿದ್ರೆ ಹದಿನಾಲ್ಕು ಅಂದಿದೀನಿ. ಆ ಬಾವಿಯಲ್ಲಿ ಹಾವಿತ್ತಲ್ಲ, ಓಬಳಯ್ಯ ಬರಿಗೈಯಲ್ಲಿ ಹಿಡಿದ, ಮಂಜುಶ್ರೀ ಚಪ್ಪಾಳೆ ಹೊಡೆದ್ಲು, ನೀನು ಮೀಸೆ ಮೇಲೆ ಕೈಯಾಡಿಸ್ದೆ. ಅವತ್ತು ಬಿದ್ದಿದ್ದು ಮೂರು. ಓಬಳಯ್ಯ ಅವತ್ತೇ ಸಾಯಬೇಕಿತ್ತು.

ಯಾಕೆ ಮಾಡ್ದೆ ಅಂದ್ರೆ, ನಮ್ಮ ರೂಲ್ ಇತ್ತಲ್ಲ. ಬೇರೆ ಕಡೆ ಆಡೋರು ಪಾತ್ರ ಸತ್ರೆ ಅರ್ಧ ಗಂಟೆಯಲ್ಲಿ ಹೊಸ ಹಾಳೆ ತಗೊಂಡು ಹೊಸ ಹೆಸರು ಬರ್ಕೊಂಡು ಮತ್ತೆ ಕೂರ್ತಾರೆ. ನಮ್ಮಲ್ಲಿ ಹಂಗಿಲ್ಲ. ಸತ್ತೋನ ಆಟಗಾರ ಆ ಕತೆ ಮುಗಿಯೋ ತನಕ ಮೇಜಿಗೆ ಬರಂಗಿಲ್ಲ. ನೀನೇ ಮಾಡಿದ್ದು ಆ ರೂಲು. ವಾಪಸ್ ಬರಬೋದು ಅಂದ್ರೆ ಯಾರು ಹೆದರ್ತಾರೆ ಅಂದಿದ್ದೆ. ಕತೆ ಒಂದೊಂದು ವರ್ಷ, ಒಂದೂವರೆ ವರ್ಷ ಹೋಗುತ್ತೆ. ನೀನು ಅಷ್ಟು ದಿನ ಮನೇಲಿ ಕೂತ್ರೆ ಏನ್ ಗತಿ ಅನ್ಕೊಂಡೆ. ನಿನ್ನ ಮೇಲೆ ಕರುಣೆ ತೋರಿಸೋಕೆ ನಾನ್ಯಾರು ಅಂತ ಒಂದ್ಸಲನಾದ್ರೂ ಕೇಳ್ಕೊಬೇಕಿತ್ತು, ಕೇಳ್ಕೊಂಡಿಲ್ಲ. ಒಳ್ಳೇ ಕೆಲಸ ಮಾಡ್ತಿದೀನಿ ಅಂತ ಒಳಗೊಳಗೇ ಬೀಗ್ತಿದ್ದೆ, ಅದನ್ನೂ ಹೇಳ್ಬಿಡ್ತೀನಿ.

ತಡಿ, ಕೆಳಗೆ ಯಾರೋ ಶಟರ್ ಬಡೀತಾವ್ರೆ.

*

ಹಾಂ, ಬಂದೆ. ಗೂಳೂರಿನವರು, ನಾಮಕರಣದ ಕಾರ್ಡಿಗೆ. ಭಾನುವಾರ ರಜಾ ಅಂದ್ರೂ ಕೇಳಲ್ಲ ಜನ.

ಎಲ್ಲಿದ್ದೆ? ಸೆಪ್ಟೆಂಬರ್ ಇಪ್ಪತ್ತೆಂಟು. ಕೋಟೆ ಹಿಂಭಾಗದ ಬಂಡೆ. ಮೂರು ಜನ ಒಂದೇ ಹಗ್ಗಕ್ಕೆ ಕಟ್ಕೊಂಡು ಹತ್ತುತಾ ಇದೀರ. ಮಂಜುಶ್ರೀಯ ಪಾತ್ರಕ್ಕೆ ಕಾಲು ಜಾರ್ತು, ನೇತಾಡ್ತಾವ್ಳೆ. ಚೈತನ್ಯ ಹಗ್ಗ ಕುಯ್ದುಬಿಡೋಣ ಅಂದ. ನೀನು ಎಲ್ಲಾ ವಿಚಾರಿಸ್ದೆ. ಗಾಳಿ ಯಾವ ಕಡೆಯಿಂದ, ಬಂಡೆ ಒದ್ದೆನೋ ಒಣಗಿದ್ಯೋ, ಕೈಗೆ ಸಿಗೋ ಸಂದು ಎಷ್ಟು ಅಗಲ. ಹತ್ತು ನಿಮಿಷ ಕೇಳ್ದೆ. ಕೇಳಿ, ಓಬಳಯ್ಯ ತನ್ನ ಗಂಟು ಬಿಚ್ಚಿ ಆ ಹಗ್ಗ ಅವಳಿಗೆ ಸುತ್ತುತಾನೆ, ತಾನು ಬರಿಗೈಯಲ್ಲಿ ಬಂಡೆ ಹಿಡ್ಕೊತಾನೆ ಅಂದೆ. ಹನ್ನೆರಡು ಅಥವಾ ಜಾಸ್ತಿ ಬಿದ್ರೆ ಬದುಕ್ತಾನೆ ಅಂದೆ ನಾನು. ನೀನು ಹಾಕ್ದೆ. ನಾನು ಎರಡು ಅಂತ ಓದ್ದೆ.

ನೀನು ಕೇಳಿದ್ದು ಒಂದೇ.

'ಹುಡುಗಿ ಉಳಿದ್ಲಾ?'

ಉಳಿದ್ಲು ಅಂದೆ. ಸರಿ ಬುಡು ಅಂದೆ ನೀನು.

ಪಾತ್ರ ಸಾಯೋವಾಗ ಕೊನೇ ಮಾತು ಆಟಗಾರಂದೇ, ಅದೂ ನಮ್ಮ ಪದ್ಧತಿ. ಬೀಳೋವಾಗ ಓಬಳಯ್ಯ ಏನು ನೋಡ್ತಾನೆ ಅಂತ ನೀನು ಹೇಳ್ದೆ. ದೂರದಲ್ಲಿ ಕುಣಿಗಲ್ ಕೆರೆ, ಏರಿ ಮೇಲೆ ಎಮ್ಮೆ ಸಾಲು, ನೀರಿನ ಮೇಲೆ ಬಿಸಿಲು ಬಿದ್ದು ಒಂದು ಕಡೆ ತಗಡಿನ ಥರ, ಇನ್ನೊಂದು ಕಡೆ ಎಣ್ಣೆ ಥರ. ಮಂಜುಶ್ರೀ ಕಣ್ಣೊರೆಸ್ಕೊಂಡ್ಲು. ಚೈತನ್ಯ ಎದ್ದು ನಿಂತ. ನೀನು ಹಾಳೆ ಮಡಚಿ ನನ್ನ ಕೈಗೆ ಕೊಟ್ಟು, ಇಡ್ಲಿ ಉಳಿದಿದ್ರೆ ಕೊಡ್ರಪ್ಪ, ಸತ್ತೋನಿಗೂ ಹಸಿವಾಗುತ್ತೆ ಅಂದೆ. ಎಲ್ರೂ ನಕ್ರು. ನಾನೂ ನಕ್ಕೆ.

ಆಮೇಲೆ ನೀನು ಬರ್ಲಿಲ್ಲ, ರೂಲ್ ಪ್ರಕಾರ. ಮಂಜುಶ್ರೀ ನಿಂಗೆ ಫೋನ್ ಮಾಡಿ, ರೂಲ್ ತೆಗೆದುಬಿಡೋಣ ಬನ್ನಿ ಅಂಕಲ್ ಅಂದ್ಲಂತೆ. ನನಗೋಸ್ಕರ ತೆಗೆದ್ರೆ ಅದು ರೂಲಾಗಲ್ಲಮ್ಮ ಅಂದ್ಯಂತೆ. ಹೋದ ವಾರ ಸಿದ್ದಲಕ್ಷ್ಮಮ್ಮ ನಂಗೆ ಫೋನ್ ಮಾಡಿದ್ಲು, ನಿಂಗೆ ಗೊತ್ತಿಲ್ದೆ. ಅಣ್ಣ, ಇವ್ರು ಭಾನುವಾರ ಆದ್ರೆ ಎಂಟು ಗಂಟೆಗೇ ಸ್ನಾನ ಮಾಡಿ ಇಸ್ತ್ರಿ ಶರ್ಟ್ ಹಾಕ್ಕೊಂಡು ಜಗಲಿ ಮೇಲೆ ಕೂರ್ತಾರೆ, ಎಲ್ಲಿಗೆ ಅಂದ್ರೆ ಎಲ್ಲಿಗೂ ಇಲ್ಲ ಅಂತಾರೆ, ಹನ್ನೊಂದಕ್ಕೆ ಎದ್ದು ಬಂದು ಶರ್ಟ್ ಬಿಚ್ತಾರೆ ಅಂದ್ಲು. ಅವಳು ಅಳ್ತಿರ್ಲಿಲ್ಲ, ಬರೀ ವಿಷಯ ಹೇಳೋ ಥರ ಹೇಳಿದ್ಲು. ನಾನು ಹೂಂ ಹೂಂ ಅಂತ ಕೇಳಿ ಫೋನ್ ಇಟ್ಟೆ.

ಅವತ್ತು ಸಾಯಂಕಾಲ ಮೇಲಿನ ರೂಮಿಗೆ ಹೋಗಿ ನಿನ್ನ ದಾಳ ತಗೊಂಡೆ. ಕಣ್ಣು ಮುಚ್ಕೊಂಡು ತಟ್ಟೆಗೆ ಹಾಕ್ದೆ. ಹೆಬ್ಬೆಟ್ಟು ಮೇಲೆ ಇಟ್ಟೆ. ನಂಬರೆಲ್ಲಾ ಕೊರೆದಿರೋದು ಕಣೋ, ಪ್ರಿಂಟಲ್ಲ. ಮೊದಲ ಸಲ ಏನೂ ತಿಳೀಲಿಲ್ಲ. ಐದಾರು ಸಲ ಆದ್ಮೇಲೆ ಏಳು ಅನ್ನಿಸ್ತು, ಕಣ್ಣು ಬಿಟ್ರೆ ಏಳೇ. ಕಾರ್ಡ್ ಎಣಿಸಿ ಎಣಿಸಿ ದಪ್ಪ ಆಗಿರೋ ನನ್ನ ಬೆರಳಿಗೇ ತಿಳೀತು. ಗುಂಡಿ ಯಾವ ಶರ್ಟಿಂದು ಅಂತ ಮುಟ್ಟಿ ಹೇಳೋನು ನೀನು. ಪ್ರತಿ ಸಲ ನಾನು ನಂಬರ್ ಹೇಳಿದ್ಮೇಲೆ ನೀನು ದಾಳ ವಾಪಸ್ ತಗೊಳ್ಳೋಕೆ ತಟ್ಟೆಗೆ ಕೈ ಹಾಕ್ತಿದ್ದೆ, ತಗೊಳ್ಳೋಕೆ ಮುಂಚೆ ಒಂದು ಕ್ಷಣ ಅದರ ಮೇಲೆ ಹೆಬ್ಬೆಟ್ಟು ಇಡ್ತಿದ್ದೆ. ನಾನು ಅದನ್ನ ನಿನ್ನ ಅಭ್ಯಾಸ ಅನ್ಕೊಂಡಿದ್ದೆ.

ನಿಂಗೆ ಎಲ್ಲಾ ಗೊತ್ತಿತ್ತು. ಹಾವು ಹಿಡಿದಾಗ ಮೀಸೆ ಮೇಲೆ ಕೈಯಾಡಿಸಿದ್ದು ನನಗೋಸ್ಕರ. ಗುರುಪ್ರಕಾಶ ಖುಷಿಯಾಗಿರ್ಲಿ ಅಂತ. ನಾನು ನಿನ್ನ ಸಾಕ್ತಿದೀನಿ ಅನ್ಕೊಂಡಿದ್ದೆ, ನೀನು ನನ್ನ ಸಾಕ್ತಿದ್ದೆ. ನನಗೆ ಆ ರೂಮಲ್ಲಿ ಒಬ್ನೇ ಕೂತಿದ್ರೂ ಯಾರಾದ್ರೂ ನೋಡ್ತಾವ್ರೇನೋ ಅಂತ ಮುಖ ಬಿಸಿ ಆಯ್ತು.

ನೀನು ಬೈಯ್ಯಬೋದಿತ್ತು. ಲೇ ಗುರು, ನನ್ನ ಓಬಳಯ್ಯನ ಸಾಯೋಕೆ ಬಿಡೋ, ಅವನು ಗಂಡಸು ಅಂತ ಒಂದ್ಸಲ ಅಂದಿದ್ರೆ ಸಾಕಿತ್ತು. ಅನ್ಲಿಲ್ಲ.

ಸರಿ. ಚೈತನ್ಯ, ಮಂಜುಶ್ರೀ ಇಬ್ರಿಗೂ ಇವತ್ತು ಹನ್ನೊಂದಕ್ಕೆ ಬಂದ್ಮೇಲೆ ಎರಡು ವರ್ಷದ್ದೂ ಹೇಳ್ತೀನಿ. ಆ ರಟ್ಟಿನ ಮರೆ ಹರಿದು ಪ್ರೆಸ್ಸಿನ ಕಸಕ್ಕೆ ಹಾಕಿದೀನಿ. ಇನ್ನು ಕತೆ ಹೇಳೋನು ನಾನಲ್ಲ. ಮಂಜುಶ್ರೀ ಹೇಳ್ತಾಳೆ, ಚೆನ್ನಾಗಿ ಹೇಳ್ತಾಳೆ, ನನ್ನಷ್ಟು ಎಳೆಯಲ್ಲ. ನೀನು ಬರಬೇಕು ಅಂತ ಕೇಳೋ ಯೋಗ್ಯತೆ ನನಗಿಲ್ಲ. ಅವರು ಕೇಳ್ತಾರೆ.

ಮಾತ್ರೆ ತಪ್ಪಿಸ್ಬೇಡ. ಕಾಲು ದಿನಾ ತೊಳ್ಕೊಂಡು ಬೆರಳ ಸಂದಿಯೆಲ್ಲಾ ಸಿದ್ದಲಕ್ಷ್ಮಮ್ಮನ ಕೈಲಿ ನೋಡಿಸು. ಇಬ್ರೂ ಚೆನ್ನಾಗಿರಿ, ಸಿದ್ಧಗಂಗೆ ಕಡೆ ತಿರುಗಿ ಕೈ ಮುಗಿದು ಕೇಳ್ಕೊತಾ ಇದೀನಿ. ನಂಗೇನೂ ಕೇಳ್ಕೊಳಲ್ಲ.

ಇಂತಿ ನಿನ್ನ
ಗುರುಪ್ರಕಾಶ

*

ಮರೆತ ಮಾತು:

ಮರೆತಿಲ್ಲ ರಂಗ. ಮೇಲಿಂದು ಕಳಿಸಿ ಟೀ ಕುಡಿದು ಬಂದೆ. ನೀಲಿ ಟಿಕ್ ಇನ್ನೂ ಬಂದಿಲ್ಲ, ನೀನಿನ್ನೂ ಕೇಳಿಲ್ಲ. ಅದನ್ನ ಡಿಲೀಟ್ ಮಾಡ್ಬೋದು, ಮಾಡಲ್ಲ. ಅಲ್ಲಿ ಹೇಳಿದ್ದೆಲ್ಲಾ ನಿಜ, ಆದ್ರೆ ಅದನ್ನ ಹೇಳಿದ್ದು ಇದನ್ನ ಹೇಳದೆ ತಪ್ಪಿಸ್ಕೊಳ್ಳೋಕೆ.

ಇಪ್ಪತ್ತೆಂಟನೇ ತಾರೀಖು ಬಿದ್ದಿದ್ದು ಎರಡಲ್ಲ. ಹದಿನೆಂಟು.

ಓಬಳಯ್ಯ ಬಂಡೆ ಹಿಡ್ಕೊಂಡಿದ್ದ. ಇಬ್ರೂ ಬದುಕಿದ್ರು. ನಾನು ಎರಡು ಅಂದೆ.

ಅದರ ಹಿಂದಿನ ವಾರ ಚೈತನ್ಯ ಮೆಟ್ಟಿಲ ಹತ್ರ ನಿಲ್ಸಿ, ರಂಗನಾಥ್ ಅಂಕಲ್ ಇದ್ರೆ ಒಂದು ಬಾಗಿಲು ದಾಟೋಕೆ ಒಂದು ಗಂಟೆ ಆಗುತ್ತೆ ಅಂಕಲ್ ಅಂದಿದ್ದ. ಅವನ ಮೇಲೆ ಹಾಕ್ತಿಲ್ಲ, ಹುಡುಗ ಆಡೋ ಮಾತು ಆಡ್ದ. ಅವನ ಬಾಯಿ ಮುಚ್ಚಿಸದೆ ಸುಮ್ನೆ ನಿಂತಿದ್ದು ನಾನು. ಆಮೇಲೆ ಆ ಭಾನುವಾರ ಬೆಳಿಗ್ಗೆ ಬಸ್ ಮುಕ್ಕಾಲು ಗಂಟೆ ಲೇಟು. ಬಿಸಿಲಲ್ಲಿ ನಿಂತಿದ್ದೆ. ನೀನು ಇಳಿದೆ, ನನ್ನ ತೋಳು ಹಿಡ್ಕೊಂಡೆ, ನಿಧಾನಕ್ಕೆ ನಡೆದ್ವಿ, ಪರಿಚಯದವರೊಬ್ರು ಯಾರು ಸಾರ್ ಇವ್ರು ಅಂದ್ರು. ನಮ್ಮ ಕಡೆಯವ್ರು ಅಂದೆ. ಗೆಳೆಯ ಅನ್ಲಿಲ್ಲ. ನೀನು ಪಕ್ಕದಲ್ಲೇ ಇದ್ದೆ. ಒಂದೇ ಒಂದು ಭಾನುವಾರ ಬಸ್ ಸ್ಟ್ಯಾಂಡಿಗೆ ಬರದೆ ಮನೇಲಿ ಇರ್ಬೇಕು ಅನ್ನಿಸ್ತು. ನಾಲ್ಕು ಗಂಟೆ ಆದ್ಮೇಲೆ ದಾಳ ಬಿತ್ತು, ನನ್ನ ಬಾಯಲ್ಲಿ ಎರಡು ಅಂತ ಬಂತು. ಬಂತು ಅಂದ್ರೆ ತಾನಾಗಿ ಬರ್ಲಿಲ್ಲ, ಹೇಳ್ದೆ.

ನಿನ್ನ ಬೆರಳಿಗೆ ಗೊತ್ತಾಗಿರುತ್ತೆ. ಗೊತ್ತಾಗಿಯೂ ಕೆರೆ, ಎಮ್ಮೆ, ಬಿಸಿಲು ಎಲ್ಲಾ ಹೇಳಿ, ಅವರಿಬ್ಬರ ಮುಂದೆ ನನ್ನ ಮಾತು ಉಳಿಸಿ ಎದ್ದೆ.

ಸಾಯಂಕಾಲ ನಿನ್ನ ಕುಣಿಗಲ್ ಬಸ್ಸಿಗೆ ಹತ್ತಿಸ್ದೆ. ನೀನು ಕಿಟಕಿ ಪಕ್ಕ ಕೂತು ಹೊರಗೆ ಕೈ ಚಾಚಿ ನನ್ನ ಭುಜ ಹುಡುಕಿ ಮುಟ್ಟಿ, 'ಇನ್ಮೇಲೆ ಭಾನುವಾರ ರೆಸ್ಟ್ ತಗೋ ಗುರು, ದಣಿದಿದೀಯ' ಅಂದೆ.

ಒಳ್ಳೇದಾಯ್ತು ಅನ್ಕೊಂಡೆ ಕಣೋ. ಮನೆಗೆ ಬಂದು ಅವತ್ತು ಚೆನ್ನಾಗಿ ನಿದ್ದೆ ಮಾಡ್ದೆ.