ಗೊಬ್ಬರ ಹಾಕದ ನಾಲ್ಕು ಪಾತಿ

ಮಾವ,

ಇವತ್ತು ಉತ್ತರಹಳ್ಳಿ ತೋಟದಲ್ಲಿ ಮೈಯೆಲ್ಲಾ ಉರಿದುಹೋಯ್ತು. ನೀವು ಕಲಿಸಿದ ಹಾಗೇ ದಂಟುಸೊಪ್ಪಿನ ಎಂಟು ಪಾತಿಲಿ ನಾಲ್ಕಕ್ಕೆ ಮಾತ್ರ ಹೊಸ ಗೊಬ್ಬರ ಹಾಕಿ, ಉಳಿದ ನಾಲ್ಕನ್ನ ಹೋಲಿಸಿ ನೋಡೋಕೆ ಅಂತ ಹಾಗೇ ಬಿಟ್ಟಿದ್ದೆ. ನನ್ನ ಸೊಸೆ ವನಿತಾ ಅವಕ್ಕೂ ಸುರಿದುಬಿಟ್ಟಿದ್ದಾಳೆ!

"ಪಾಪ, ಸೊರಗಿದ್ವು ಅತ್ತೆ," ಅಂತಾಳೆ.

"ಪಾಪ ಅಂತೆ ಪಾಪ! ಇನ್ನು ಈ ಗೊಬ್ಬರ ಕೆಲಸ ಮಾಡುತ್ತೋ ಇಲ್ವೋ ಹೇಗೆ ಗೊತ್ತಾಗುತ್ತೆ?" ಪಕ್ಕದ ಅಪಾರ್ಟ್‌ಮೆಂಟಿನವರೆಲ್ಲ ಬಾಲ್ಕನಿಗೆ ಬರೋ ಹಾಗೆ ಕೂಗಾಡಿದೆ.

ನಾನು ಮದುವೆಯಾಗಿ ಬಂದ ವರ್ಷ ನಿಮ್ಮ ಎಂಟೂ ಪಾತಿ ಒಂದೇ ಸಮ ಬೆಳೆದಿದ್ವು. ಗೊಬ್ಬರದಲ್ಲಿ ಸತ್ವವೇ ಇಲ್ಲ ಅಂತ ನೀವು ಅಂಗಡಿಯವನ ಕೊರಳಪಟ್ಟಿ ಹಿಡಿದ್ರಿ. ನೀವು ಹಾಗೇ ಬಿಟ್ಟಿದ್ದ, ಸೊರಗಿದ ನಾಲ್ಕಕ್ಕೂ ಕದ್ದು ಗೊಬ್ಬರ ಹಾಕಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ.

ವನಿತಾ ಕೇಳಿದ ತಕ್ಷಣ ಒಪ್ಪಿಕೊಂಡಳು, ಮಾವ.